ಉಪ್ಪುನೀರಿನ ಮುತ್ತು, ಸಿಹಿನೀರಿನ ಮುತ್ತು, ನಮ್ಮ ಆತ್ಯಾ

ಸಮುದ್ರದ ಮುತ್ತು ಹೌದೋ ಅಲ್ಲವೋ ಎಂದು ನಾಲಿಗೆಯಿಂದ ನೆಕ್ಕಿ ನೋಡಿದ ಗಿರಾಕಿಯೊಬ್ಬರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಂಗಳವೇಢೆಯ ಕಡೆಯವರು, ಬೇಕಾದಷ್ಟು ಹೊಲ ಇದ್ದವರು. ಮಗಳ ಮದುವೆಗೆ ಮುತ್ತಿನ ಸರ ಕೊಳ್ಳಲು ಸೊಲ್ಲಾಪುರದ ನಮ್ಮ ಅಂಗಡಿಗೆ ಬಂದಿದ್ದರು. ಸರ ಕೈಗೆ ಸಿಕ್ಕಿದ್ದೇ ತಡ, ನಾಲಿಗೆ ಚಾಚಿ ಒಂದು ಮುತ್ತನ್ನು ನೆಕ್ಕಿ, ಮುಖ ಗಂಟಿಕ್ಕಿ, "ಸಪ್ಪಗ ಐತಲ್ರಿ! ಸಮುದ್ರದ್ದು ಅಂತೀರಿ?" ಎಂದರು.

ನಾನು ನಗು ತಡೆಯಲಾರದೆ ಏನೋ ಬಿದ್ದಿದೆ ಎಂಬಂತೆ ಮೇಜಿನ ಕೆಳಗೆ ಬಗ್ಗಿದೆ. ಆತ್ಯಾ ನಗಲಿಲ್ಲ. ಸರವನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸುತ್ತ, "ಮಳಿ ನೀರೂ ಸಮುದ್ರದಿಂದನ ಬರತೈತ್ರಿ ಸಾಹೇಬ್ರ. ಅದೇನು ಉಪ್ಪ ಇರತೈತೇನು?" ಎಂದು ಕೇಳಿದರು. ಆ ಮನುಷ್ಯ ಒಂದು ಕ್ಷಣ ಯೋಚಿಸಿ, "ಖರೆ ಐತಿ ಬಿಡ್ರಿ," ಎಂದು ಒಪ್ಪಿಕೊಂಡರು. ಆಮೇಲೆ ಆತ್ಯಾ ಅವರನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡು, ಮುತ್ತನ್ನು ಹೇಗೆ ನೋಡಬೇಕೆಂದು ಚಹಾ ಬಂದು ಆರುವವರೆಗೂ ತೋರಿಸಿದರು. ಅವರು ಅಂದು ಏನನ್ನೂ ಕೊಳ್ಳದೆ ಹೋದರು. ಅದರ ಬಗ್ಗೆ ಆತ್ಯಾಗೆ ಬೇಸರವೇನೂ ಇರಲಿಲ್ಲ. ಬೇಸರವಿದ್ದದ್ದು ಅವರ ತಮ್ಮನಿಗೆ.

ಆತ್ಯಾ ಎಂದರೆ ಮರಾಠಿಯಲ್ಲಿ ಸೋದರತ್ತೆ. ಅವರು ನಮ್ಮ ಅಂಗಡಿಯ ಮಾಲೀಕರ ಅಕ್ಕ. ಮಾಲೀಕರ ಮಕ್ಕಳು ಹಾಗೆ ಕರೆಯುತ್ತಿದ್ದುದರಿಂದ ಕೆಲಸಕ್ಕಿದ್ದ ನಾವೂ ಹಾಗೇ ಕರೆದೆವು. ಕೊನೆಗೆ ಆ ಓಣಿಯ ಬಂಗಾರದ ಅಂಗಡಿಯವರೆಲ್ಲರಿಗೂ ಅವರು ಆತ್ಯಾ ಆದರು. ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದು ಯಾರೋ ಬೇರೆಯವರ ಹೆಸರಿನಂತೆ ನನಗೇ ಕಾಣುತ್ತದೆ. ಈ ವರ್ಷ ಮಳೆ ಹಿಡಿಯುವ ಮೊದಲು ಅವರು ತೀರಿಕೊಂಡರು. ಹೆಚ್ಚು ನರಳಲಿಲ್ಲ. ಅವರ ಜತೆ ಒಂದೇ ಮೇಜಿನ ಆಚೀಚೆ ಕೂತು ವರ್ಷಗಟ್ಟಲೆ ಕೆಲಸ ಮಾಡಿದವಳು ನಾನು. ಅವರನ್ನು ಕುರಿತು ಮರಾಠಿಯಲ್ಲಿ ನಾಲ್ಕು ಮಾತು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಕನ್ನಡದಲ್ಲಿ ಬರೆಯುವವಳು ನಾನೊಬ್ಬಳೇ ಇರಬೇಕು ಅನ್ನಿಸಿ ಕೂತಿದ್ದೇನೆ.

ಗಿಡ್ಡ ಆಳು. ದೊಡ್ಡ ದನಿ. ಗಟ್ಟಿ ಅಂಚಿನ ನೂಲಿನ ಸೀರೆ, ಮೂಗಿನಲ್ಲಿ ವಜ್ರದ ಚುಕ್ಕೆ. ಅಂಗಡಿಯ ತುಂಬ ಕಣ್ಣು ಕುಕ್ಕುವ ದೀಪಗಳಿದ್ದರೂ ಅವರ ಮೇಜು ಮಾತ್ರ ಉತ್ತರದ ಕಿಟಕಿಯ ಬಳಿಯೇ ಇರಬೇಕು. ಬಂಗಾರಕ್ಕೆ ದೀಪ ಸಾಕು, ಮುತ್ತಿಗೆ ಹಗಲೇ ಬೇಕು ಎನ್ನುತ್ತಿದ್ದರು. ಮೋಡ ಕವಿದ ದಿನ ಯಾರಾದರೂ ಮುತ್ತು ಪರೀಕ್ಷೆಗೆ ತಂದರೆ, "ನಾಳಿಗೆ ಬರ್ರಿ, ಇವತ್ತ ಬೆಳಕಿಗೆ ಆರಾಮಿಲ್ಲ," ಎಂದು ಕಳಿಸಿಬಿಡುತ್ತಿದ್ದರು. ಮೇಜಿನ ಪಕ್ಕದಲ್ಲೊಂದು ನೀರಿನ ತಂಬಿಗೆ, ಒಂದು ಬಟ್ಟೆ. ಕೈ ತೊಳೆಯದೆ ಮುತ್ತು ಮುಟ್ಟುವಂತಿಲ್ಲ. ಅತ್ತರು ಹಚ್ಚಿಕೊಂಡು ಬಂದವರಿಗೆ ಎರಡು ಸಲ ತೊಳೆಯುವ ಶಿಕ್ಷೆ.

ನಾನು ಕೆಲಸಕ್ಕೆ ಸೇರಿದ್ದು ಮದುವೆಯಾದ ಹೊಸದರಲ್ಲಿ. ಅಕ್ಕಲಕೋಟೆಯಿಂದ ದಿನಾ ಬೆಳಿಗ್ಗೆ ಎಸ್.ಟಿ. ಬಸ್ಸಿನಲ್ಲಿ ಬರುತ್ತಿದ್ದೆ. ಮೊದಲ ದಿನ ಆತ್ಯಾ ಬಿಳಿ ಬಟ್ಟೆಯ ಮೇಲೆ ಒಂದು ಬೊಗಸೆ ಮುತ್ತು ಸುರುವಿ, "ಇದರಾಗ ಸಮುದ್ರದವು ಬ್ಯಾರೆ ಮಾಡು, ಸಿಹಿನೀರಿನವು ಬ್ಯಾರೆ ಮಾಡು," ಎಂದರು. ಹೆಚ್ಚು ಬೆಳ್ಳಗಿದ್ದವನ್ನು ಸಮುದ್ರದವೆಂದು ಒಂದು ಕಡೆ ಗುಡ್ಡೆ ಹಾಕಿದೆ. ಅವರು ಎರಡೂ ಗುಡ್ಡೆಗಳನ್ನು ಅಂಗೈಯಿಂದ ಕಲೆಸಿ, "ಬಣ್ಣಾ ನೋಡಿ ಮಂದಿ ಮದವಿ ಮಾಡಕೋತಾರ. ನೀ ಸಾವಕಾಶ ನೋಡು. ಕಣ್ಣಿಗೆ ಗಡಿಬಿಡಿ ಮಾಡಬ್ಯಾಡ," ಎಂದರು.

ಕಲಿಸುವುದರಲ್ಲಿ ಅವರಿಗೆ ಜಿಪುಣತನವೇ ಇರಲಿಲ್ಲ. ಜಪಾನಿನ ಕಡೆಯಿಂದ ಬರುವ ಸಮುದ್ರದ ಮುತ್ತನ್ನು ಬೆರಳ ತುದಿಯಲ್ಲಿ ಹಿಡಿದು, "ಕಿಟಕಿ ಸರಳ ಕಾಣತಾವೇನು ನೋಡು," ಎನ್ನುವರು. ಕಾಣುತ್ತಿದ್ದವು, ಪುಟ್ಟ ಕನ್ನಡಿಯಲ್ಲಿ ಕಂಡಂತೆ ಒಂದೊಂದು ಸರಳೂ ಚೂಪಾಗಿ. ಸಿಹಿನೀರಿನದನ್ನು ಹಿಡಿದರೆ ಅದೇ ಸರಳುಗಳು ಒದ್ದೆ ಬಟ್ಟೆಯ ಹಿಂದೆ ಇದ್ದಂತೆ ಮೆತ್ತಗೆ ಕಾಣುತ್ತಿದ್ದವು. ಗಾಜಿನ ಹಲಗೆಯನ್ನು ಚೂರು ವಾರೆ ಮಾಡಿ ಉರುಳಿಸಿದರೆ ಸಮುದ್ರದ್ದು ನೆಟ್ಟಗೆ ಓಡುತ್ತದೆ. ಸಿಹಿನೀರಿನದು ಸಾಮಾನ್ಯವಾಗಿ ಪೂರ್ತಿ ದುಂಡಗಿರುವುದಿಲ್ಲ, ದಾರಿ ತಪ್ಪಿ ಅಡ್ಡಾದಿಡ್ಡಿ ಹೋಗುತ್ತದೆ. ಕೆಲವಕ್ಕೆ ಮೈಸುತ್ತ ಬಳೆಯಂತೆ ಗೆರೆ ಇರುತ್ತದೆ. ಕೇಸರಿ, ತಿಳಿ ನೇರಳೆ, ಗುಲಾಬಿ ಬಣ್ಣಗಳು ಹುಟ್ಟಿನಿಂದಲೇ ಬರುವುದು ಸಿಹಿನೀರಿನವಕ್ಕೇ ಹೆಚ್ಚು. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ದಾರ ಪೋಣಿಸುವ ತೂತು. ಭೂತಗನ್ನಡಿ ಹಿಡಿದು ಅದರೊಳಗೆ ಇಣುಕಿದರೆ, ಸಮುದ್ರದ ಮುತ್ತಿನಲ್ಲಿ ಮೇಲೊಂದು ತೆಳು ಪದರ, ಒಳಗೊಂದು ಗುಂಡು, ಎರಡರ ನಡುವೆ ಕೂದಲೆಳೆಯಂಥ ಗೆರೆ. ಹೆಚ್ಚಿನ ಸಿಹಿನೀರಿನ ಮುತ್ತುಗಳಲ್ಲಿ ಆ ಗೆರೆ ಇರುವುದಿಲ್ಲ. ಹೊರಗಿನಿಂದ ಒಳಗಿನವರೆಗೆ ಎಲ್ಲ ಒಂದೇ.

ಹಲ್ಲಿಗೆ ಉಜ್ಜಿ ನೋಡುವವರನ್ನು ಕಂಡರೆ ಅವರಿಗೆ ಸಿಟ್ಟು. "ಹಲ್ಲಿಗೆ ಅಸಲಿ ಯಾವದು, ಗಾಜಿನ ಮಣಿ ಯಾವದು, ಅಷ್ಟ ಗೊತ್ತಾಗತೈತಿ. ಉಪ್ಪ-ಸಿಹಿ ಗೊತ್ತಾಗಂಗಿಲ್ಲ. ಸುಮ್ನ ಮುತ್ತಿಗೆ ಗೀರ ಬೀಳಸ್ತೀರಿ," ಎಂದು ಎದುರಿಗಿದ್ದವರು ಎಷ್ಟೇ ದೊಡ್ಡವರಿದ್ದರೂ ಗದರಿಸುವರು.

ಈ ವಿದ್ಯೆ ಅವರಿಗೆ ಬಂದದ್ದು ಮುಂಬಯಿಯ ಗಂಡನ ಮನೆಯಲ್ಲಿ. ಮಾವ ಮುತ್ತಿನ ವ್ಯಾಪಾರಿ. ವಯಸ್ಸಾಗಿ ದೃಷ್ಟಿ ಮಂದವಾದಾಗ ಅವರು ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಂಡದ್ದನ್ನೆಲ್ಲ ಹೇಳಿಸಿ, ತಮ್ಮ ಅನುಭವದಿಂದ ತಿದ್ದುತ್ತಿದ್ದರಂತೆ. "ಆ ಮನ್ಯಾಗ ನಾ ಏನ್ ಕಂಡೆ ಅಂತ ಕೇಳಿದವರು ಮಾವ ಒಬ್ರ," ಎಂದಿದ್ದರು ಒಮ್ಮೆ. ಮಾವ ಹೋದ ಮೇಲೆ ಆ ಮನೆಯಲ್ಲಿ ಅವರು ಉಳಿಯಲಿಲ್ಲ. ಗಂಡನ ಬಗ್ಗೆ ಅವರು ಹೇಳಿದ್ದು ಒಂದೇ ವಾಕ್ಯ: "ಕೆಟ್ಟವರಿರಲಿಲ್ಲ, ಆದ್ರ ಮನ್ಯಾಗ ಇರತಿರಲಿಲ್ಲ." ತವರಿಗೆ ಬಂದರು, ತಮ್ಮ ಅಂಗಡಿಯಲ್ಲಿ ಕಿಟಕಿಯ ಜಾಗ ಬಿಟ್ಟುಕೊಟ್ಟರು. ಆ ತಮ್ಮನ ಬಗ್ಗೆ ಮುಂದೆ ಬರೆಯಬೇಕಾಗಿದೆ. ಅದಕ್ಕೇ ಇದನ್ನು ಈಗಲೇ ಹೇಳಿಬಿಡುತ್ತೇನೆ: ಅವರೂ ಕೆಟ್ಟವರಲ್ಲ.

ಆತ್ಯಾಗೆ ಮಾತು ಕನ್ನಡ, ಅಕ್ಷರ ಮರಾಠಿ. ನಾನು ಅಕ್ಕಲಕೋಟೆ ತಾಲೂಕಿನ ಕನ್ನಡ ಸಾಲಿಯಲ್ಲಿ ಓದಿದವಳು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಂಡು, "ಏನರ ಓದ ಬಾ," ಎನ್ನುವರು. ನಾನು ಬ್ಯಾಗಿನಲ್ಲಿದ್ದ ಕನ್ನಡ ವಾರಪತ್ರಿಕೆ ತೆಗೆದು ಓದುತ್ತಿದ್ದೆ. "ಪ್ರಯತ್ನಿಸುತ್ತಿದ್ದೇನೆ", "ಪರಿಶೀಲಿಸಲಾಗುವುದು" ಎಂಬ ಮಾತು ಬಂದರೆ ಅವರು ರೊಟ್ಟಿ ಅಗಿಯುವುದನ್ನು ನಿಲ್ಲಿಸಿ, "ಇದು ಯಾರ ಮನಿ ಕನ್ನಡವಾ?" ಎಂದು ಕೇಳುವರು. ಅಕ್ಷರ ಕಲಿಸುತ್ತೇನೆಂದರೆ ಕಲಿಯಲು ಒಪ್ಪಲಿಲ್ಲ. "ನೀ ಓದಿದ್ರ ಕೇಳಾಕ ಬರತೈತಿ. ನಾ ಕಲಿತರ ನೀ ಸುಮ್ನಾಗ್ತಿ," ಎಂದರು.

ಹೀಗೆ ನಡೆಯುತ್ತಿದ್ದ ದಿನಗಳಲ್ಲಿ ಶೋಭಾ ಬಂದಳು. ಬೋರಾಮಣಿಯ ಒಕ್ಕಲುತನದ ಮನೆಯ ಸೊಸೆ; ನನಗಿಂತ ಸ್ವಲ್ಪ ಚಿಕ್ಕವಳು. ಹೊಲದ ನೀರಿಗೆಂದು ತೋಡಿಸಿದ ಹೊಂಡದಲ್ಲಿ ಮುತ್ತು ಬೆಳೆದಿದ್ದೇನೆ, ನೋಡಬೇಕು ಎಂದು ಸ್ಟೀಲ್ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟಳು. ಎಲ್ಲೋ ಹೋಗಿ ತರಬೇತಿ ಪಡೆದು, ಭೀಮಾ ನದಿಯ ಚಿಪ್ಪುಗಳನ್ನು ತಂದು, ಒಂದೊಂದನ್ನೂ ಚೂರೇ ತೆರೆದು ಒಳಗೆ ಬೀಜ ಇಟ್ಟು, ಬಲೆಯ ಚೀಲದಲ್ಲಿ ಹಾಕಿ ಹೊಂಡದಲ್ಲಿ ತೂಗುಬಿಟ್ಟಿದ್ದಳು. ಅರ್ಧಕ್ಕರ್ಧ ಚಿಪ್ಪುಗಳು ಸತ್ತವು. ಮನೆಯವರು ಬೈಯಲಿಲ್ಲವಂತೆ, ನಕ್ಕರಂತೆ. "ಊರಾಗ ನನಗ ಕಪ್ಪೆಚಿಪ್ಪಿನ ಸೊಸಿ ಅಂತಾರ್ರಿ. ಬೈದಿದ್ರ ಚಲೋ ಇತ್ತು," ಎಂದಳು. ಹೇಳುವಾಗ ಅವಳೂ ನಕ್ಕಳು. ಆದರೆ ಡಬ್ಬಿಯ ಮೇಲಿಟ್ಟ ಕೈಯನ್ನು ಮಾತ್ರ ತೆಗೆಯಲಿಲ್ಲ.

ಆತ್ಯಾ ಆ ಡಬ್ಬಿಯನ್ನು ನೋಡಲು ಇಡೀ ಮಧ್ಯಾಹ್ನ ತೆಗೆದುಕೊಂಡರು. ಹೆಚ್ಚಿನವು ಮಂಕಾಗಿದ್ದವು, ಕೆಲವು ಹುಣಸೆ ಬೀಜದಂತೆ ಚಪ್ಪಟೆ. ಅವನ್ನು ಮುಲಾಜಿಲ್ಲದೆ ಪಕ್ಕಕ್ಕೆ ತಳ್ಳಿದರು. ಕೊನೆಯಲ್ಲಿ ಒಂದು ಹಿಡಿಯಷ್ಟು ಉಳಿದವು. ತಿಳಿಗುಲಾಬಿ ಬಣ್ಣ, ಮೆತ್ತನೆಯ ಹೊಳಪು. "ಇವು ಚಲೋ ಅದಾವ. ಭಾಳ ಚಲೋ ಅದಾವ," ಎಂದರು. ಶೋಭಾ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಸಂಕೋಚದಿಂದ, "ಸಮುದ್ರದವು ಇದಕಿಂತ ಚಲೋ ಇರತಾವಲ್ರಿ?" ಎಂದು ಕೇಳಿದಳು.

ಆತ್ಯಾ ಸಮುದ್ರದ ಮುತ್ತೊಂದನ್ನು ಎತ್ತಿ, ತೂತಿನಲ್ಲಿ ಅವಳನ್ನು ಇಣುಕಿಸಿದರು. "ಒಳಗ ಗುಂಡ ಕಾಣತೈತಿಲ್ಲೋ? ಅದು ಏನು ಗೊತ್ತೇನು? ನದಿ ಚಿಪ್ಪ ಕೊರದು ಮಾಡಿದ ಗುಂಡು. ಸಮುದ್ರದ ಸಿಂಪಿ ಅದರ ಮ್ಯಾಲ ಅಂಗಿ ತೊಡಸತೈತಿ, ಅಷ್ಟ. ಅದರ ಹೊಳಪ ಬ್ಯಾರೆ, ನಿನ್ನದರ ಹೊಳಪ ಬ್ಯಾರೆ. ಇದು ಹೆಚ್ಚು, ಅದು ಕಮ್ಮಿ ಅಂತಿಲ್ಲ. ಆದ್ರ ಇದನ್ನ ಅದು ಅನಬಾರದು."

ಆ ಹಿಡಿ ಮುತ್ತನ್ನು ಅಂಗಡಿ ಕೊಂಡಿತು. ಮಾಲೀಕರಿಗೂ ಅವು ಹಿಡಿಸಿದವು, ಬೇರೆಯೇ ಕಾರಣಕ್ಕೆ. ಆ ವರ್ಷ ಊರಿನಲ್ಲಿ ದೊಡ್ಡ ದೊಡ್ಡ ಶೋರೂಮುಗಳು ಬಂದು ನಮ್ಮಂಥ ಹಳೆಯ ಅಂಗಡಿಗಳ ಗಿರಾಕಿಯನ್ನು ಎಳೆದುಕೊಳ್ಳುತ್ತಿದ್ದವು. ಮಾಲೀಕರು ಶೋಭಾಳ ಮುತ್ತುಗಳಲ್ಲಿ ದುಂಡಗಿದ್ದವನ್ನು ಆರಿಸಿ, ಬೇರೆ ಸಿಹಿನೀರಿನ ಮುತ್ತುಗಳ ಜತೆ ಸೇರಿಸಿ ಚಂದದ ಸರ ಮಾಡಿಸಿದರು. ಅದನ್ನು ಸಮುದ್ರದ ಮುತ್ತಿನ ಸರಗಳ ಸಾಲಿನಲ್ಲಿ ತೂಗುಹಾಕಿದರು.

ಅಕ್ಕಲಕೋಟೆಯ ದೊಡ್ಡ ಮನೆತನದ ಯಜಮಾನಿಯೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದ ದಿನ ಅದು. ಎರಡು ವಾರದಲ್ಲಿ ಮದುವೆ. ಹುಡುಗಿಗೆ ಆ ಸರವೇ ಮನಸ್ಸಿಗೆ ಬಂತು. ಕೊರಳಿಗೆ ಹಾಕಿಕೊಂಡು ಕನ್ನಡಿಯ ಮುಂದಿನಿಂದ ಸರಿಯಲಿಲ್ಲ. ತಾಯಿ ಕೇಳಿದರು: "ಇದು ಸಮುದ್ರದ್ದ ಅಲ್ಲೇನ್ರಿ? ಬೀಗರ ಮನ್ಯಾಗ ಕೇಳವರು ಅದಾರ."

"ಹೌದ್ರಿ, ಸಮುದ್ರದ್ದ," ಎಂದರು ಮಾಲೀಕರು.

"ಅಲ್ಲ."

ಕಿಟಕಿಯ ಕಡೆಯಿಂದ ಬಂದ ಮಾತು. ಆತ್ಯಾ ಎದ್ದು ನಿಂತಿರಲೂ ಇಲ್ಲ. ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿ, "ಅದು ಸಿಹಿನೀರಿಂದು. ಅದರಾಗ ಅರ್ಧ ನಮ್ಮ ಬೋರಾಮಣಿ ಹೊಂಡದವು. ಚಲೋ ಮಾಲ ಐತಿ, ಹುಡಗಿಗೂ ಒಪ್ಪೈತಿ. ಆದ್ರ ಸಮುದ್ರದ್ದಲ್ಲ," ಎಂದರು.

ತಾಯಿ ಮಗಳ ಕೊರಳಿಂದ ಸರ ಬಿಚ್ಚಿ ಗಾಜಿನ ಮೇಲಿಟ್ಟು ಹೊರಟುಹೋದರು. ಹುಡುಗಿ ಮೆಟ್ಟಿಲಿಳಿಯುವಾಗ ಒಮ್ಮೆ ಹಿಂತಿರುಗಿ ನೋಡಿದಳು.

ಮಾಲೀಕರು ಕೂಗಾಡಲಿಲ್ಲ. ಕೂಗಾಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಅಕ್ಕನ ಮೇಜಿನ ಎದುರು ಬಂದು ಕೂತು, ಮೆಲ್ಲಗೆ, "ಅಕ್ಕಾ, ಯಾರಿಗೆ ಗೊತ್ತಾಗತಿತ್ತು?" ಎಂದರು.

"ನನಗ ಗೊತ್ತಾಗತಿತ್ತಲ್ಲೋ."

"ಎಲ್ಲಾ ದುಕಾನದಾಗೂ ಹೀಂಗ ನಡಿತೈತಿ. ನೀ ಮುಂಬಯಿ ಕಾಲದಾಗ ಅದಿ."

"ಶೋಭಾ ಹೊಂಡದಾಗ ನಿಂತು ಇವನ್ನ ಬೆಳದಾಳ. ಆಕಿ ಮಾಲಿಗೆ ಆಕಿ ಊರ ಹೆಸರ ಇಲ್ದಂಗ ಮಾಡಿದ್ರ, ಗಿರಾಕಿಗಷ್ಟ ಅಲ್ಲ, ಆಕಿಗೂ ಮೋಸ."

ತಮ್ಮ ಎದ್ದು ಗಾಜಿನ ಮೇಲೆ ಬಿದ್ದಿದ್ದ ಸರವನ್ನು ಕೈಗೆತ್ತಿಕೊಂಡರು. "ಹಂಗಾದ್ರ ನಿನ್ನ ಖರೇನ ನೀನ ನಡಸು ಅಕ್ಕಾ. ನನ್ನ ದುಕಾನದಾಗ ಬ್ಯಾಡ," ಎಂದರು. ಹೇಳಿದ ಮೇಲೆ ಅವರ ಮುಖ ಬಿಳಿಚಿಕೊಂಡದ್ದು ನನಗೆ ಕಂಡಿತು. ಆತ್ಯಾ ತಂಬಿಗೆಯ ನೀರನ್ನು ಹೊರಗಿನ ತುಳಸಿಗೆ ಸುರಿದು, ಭೂತಗನ್ನಡಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಬಾಗಿಲಲ್ಲಿ ನನ್ನತ್ತ ತಿರುಗಿ, "ನೀ ಇರು. ನಿನ್ನ ನೌಕರಿ ನಿಂದು," ಎಂದರು.

ಮನೆ ಒಂದೇ ಆದರೂ ಅಕ್ಕ-ತಮ್ಮ ಮಾತು ಬಿಟ್ಟರು. ನಾನು ಒಂದಷ್ಟು ದಿನ ಕೆಲಸಕ್ಕೆ ಹೋದೆ. ಕಿಟಕಿಯ ಬಳಿ ಈಗ ಬೆಳ್ಳಿ ಕಾಲ್ಗೆಜ್ಜೆಗಳ ಗಾಜಿನ ಕಪಾಟು ಬಂದಿತ್ತು. ಯಾರಾದರೂ ಮುತ್ತು ಕೇಳಿದರೆ ನಾನು ತೋರಿಸಬೇಕು. ಸಮುದ್ರದ್ದೇ ಎಂದು ಕೇಳಿದರೆ ಏನೆನ್ನಬೇಕೆಂದು ತಿಳಿಯದೆ ಮಾಲೀಕರ ಮುಖ ನೋಡುತ್ತಿದ್ದೆ. ಅವರು ಬೇರೆ ಕಡೆ ನೋಡುತ್ತಿದ್ದರು. ಒಂದು ಭಾನುವಾರ ಅತ್ತೆಯವರ ಎದುರು ಎಲ್ಲವನ್ನೂ ಹೇಳಿದೆ. ನಮ್ಮ ಅತ್ತೆ ಮಾತು ಕಡಿಮೆ. ಎಲ್ಲ ಕೇಳಿಸಿಕೊಂಡು, "ನಮ್ಮ ಪಡಸಾಲಿ ಖಾಲಿನ ಐತಲ್ಲ. ಕಿಟಕಿ ಯಾವ ದಿಕ್ಕಿಗೈತಿ ನೋಡು," ಎಂದರು.

ಕಿಟಕಿ ಉತ್ತರಕ್ಕೇ ಇತ್ತು. ನಮ್ಮ ಮನೆ ಇರುವುದು ಅಕ್ಕಲಕೋಟೆಯಲ್ಲಿ, ಗುಡಿಗೆ ದರ್ಶನಕ್ಕೆ ಬಂದವರು ಬಸ್ಸಿಳಿದು ನಡೆದು ಹೋಗುವ ಓಣಿಯಲ್ಲಿ. ನಾನು ಸೊಲ್ಲಾಪುರಕ್ಕೆ ಹೋಗಿ ಕರೆದಾಗ ಆತ್ಯಾ ಮೊದಲು ಒಪ್ಪಲಿಲ್ಲ. "ಈ ವಯಸ್ಸಿನಾಗ ಹೊಸಾ ದುಕಾನ ತಗದ್ರ ಮಂದಿ ಏನಂತಾರ?" ಎಂದರು. ಅದು ಅವರ ಬಾಯಿಂದ ನಾನು ಕೇಳಿದ ಒಂದೇ ಒಂದು ಹೆದರಿಕೆಯ ಮಾತು. ಮರುದಿನವೇ ಫೋನು ಮಾಡಿ, ಮೇಜು ಎಷ್ಟು ಎತ್ತರವಿದೆ ಎಂದು ಕೇಳಿದರು.

ಆತ್ಯಾ ನಮ್ಮ ಮನೆಯಲ್ಲೇ ಉಳಿಯಲು ಬಂದರು. ಪಡಸಾಲೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಎರಡು ತಟ್ಟೆ. ಒಂದರ ಮೇಲೆ ಉಪ್ಪುನೀರು ಎಂದು, ಇನ್ನೊಂದರ ಮೇಲೆ ಸಿಹಿನೀರು ಎಂದು ಮರಾಠಿಯಲ್ಲಿ ಅವರು ಬರೆದರು. ಕೆಳಗೆ ಕನ್ನಡದಲ್ಲಿ ನಾನು ಬರೆದೆ. ಉಪ್ಪುನೀರಿನ ತಟ್ಟೆಯಲ್ಲಿ ಅವರ ಸ್ವಂತದ ಹಳೆಯ ಮುತ್ತುಗಳು, ಸಿಹಿನೀರಿನದರಲ್ಲಿ ಶೋಭಾಳವು. ಮೊದಲ ತಿಂಗಳು ಬಂದವರೆಲ್ಲ ನೋಡಿ, ಕೇಳಿ, ಚಹಾ ಕುಡಿದು ಹೋದರು. ಸಿಹಿನೀರಿನದು ಎಂದು ಬರೆದದ್ದನ್ನು ಓದಿದ ಕೂಡಲೇ ಕೈ ಹಿಂದಕ್ಕೆ ಹೋಗುತ್ತಿತ್ತು. ಶೋಭಾ ಒಂದು ದಿನ ಮುಖ ಸಣ್ಣದು ಮಾಡಿಕೊಂಡು, "ಆತ್ಯಾ, ಆ ಹೆಸರಿನ ಪಾಟಿ ತಗದುಬಿಡೂನ್ರಿ. ಸುಮ್ನ ಮುತ್ತು ಅಂತ ಇಡೂನು. ಕೇಳಿದವರಿಗೆ ಹೇಳಿದ್ರಾತು," ಎಂದಳು.

ಆತ್ಯಾ ಗದರಲಿಲ್ಲ. "ನಿನಗ ನಾಚಿಕಿ ಬರತೈತೇನು ಹೊಂಡದ್ದು?" ಎಂದು ಕೇಳಿದರು.

"ಇಲ್ರಿ."

"ಮತ್ತ ಪಾಟಿಗ್ಯಾಕ ನಾಚಿಕಿ?"

ಶೋಭಾ ಚೀಲ ಎತ್ತಿಕೊಂಡು ಎದ್ದಳು. ಹೋಗುವಾಗ ತಟ್ಟೆಯ ಮೇಲಿನ ಕಾಗದ ಸುಕ್ಕಾಗಿದ್ದನ್ನು ತಾನೇ ಬೆರಳಿನಿಂದ ಸರಿಮಾಡಿ ಹೋದಳು.

ದೀಪಾವಳಿಯ ಹೊತ್ತಿಗೆ ಆ ದಿನ ಸರ ಬಿಟ್ಟುಹೋಗಿದ್ದ ಯಜಮಾನಿ ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಹಿಂದೆಯೇ ಮಗಳು, ಅವಳ ಜತೆ ಅವಳ ಅತ್ತೆ. ಮದುವೆಗೆ ಬೇರೆ ಎಲ್ಲಿಂದಲೋ ಸಮುದ್ರದ ಮುತ್ತೆಂದು ಸರ ಕೊಂಡಿದ್ದರು, ಅದನ್ನು ನೋಡಬೇಕಿತ್ತು. ಆತ್ಯಾ ಎಲ್ಲರ ಕೈ ತೊಳೆಸಿ, ಸರ ತೆಗೆದುಕೊಂಡು, ಬೆಳಕಿಗೆ ಹಿಡಿದು, ತೂತಿನಲ್ಲಿ ಇಣುಕಿ, "ಚಿಂತಿ ಬ್ಯಾಡ್ರಿ, ಇದು ಸಮುದ್ರದ್ದ ಐತಿ," ಎಂದರು. ಮೂವರೂ ಉಸಿರು ಬಿಟ್ಟರು. ಬೀಗಿತಿ ಸೆರಗು ಸರಿಮಾಡಿಕೊಂಡು, "ನೀವು ಅಂದ್ರ ಸಾಕ್ರಿ. ದುಕಾನದಾಗ ಕುಂತು ಅಲ್ಲ ಅಂದವರು ಹೌದು ಅಂದ್ರ, ಅದು ಹೌದ," ಎಂದರು. ಹುಡುಗಿ ಅಷ್ಟರಲ್ಲಿ ಸಿಹಿನೀರಿನ ತಟ್ಟೆಯ ಮೇಲೆ ಬಗ್ಗಿದ್ದಳು. ಸಮುದ್ರದ ಸರ ಮದುವೆ-ಮುಂಜಿಗೆ ಇರಲಿ, ದಿನಾ ಹಾಕಿಕೊಳ್ಳಲು ಬೋರಾಮಣಿಯದು ಬೇಕು ಎಂದಳು. ಶೋಭಾಳ ಊರಿನ ಹೆಸರು ಹೇಳಿ ಕೊಂಡ ಮೊದಲ ಗಿರಾಕಿ ಅವಳು.

ಅಲ್ಲಿಂದ ಜನ ಬರತೊಡಗಿದರು. ಕೊಳ್ಳುವವರಿಗಿಂತ ತೋರಿಸುವವರೇ ಹೆಚ್ಚು. ಪೆಟ್ಟಿಗೆಯ ತಳದಲ್ಲಿದ್ದ ಅಜ್ಜಿಯರ ನತ್ತು, ಕಿವಿಯ ಕುಡಕು, ಎಲ್ಲ ಬಂದವು. ಸುತ್ತಲಿನ ಹಳ್ಳಿಗಳಿಂದ ಹೊಂಡ ಇದ್ದ ಮನೆಯ ಹೆಣ್ಣುಮಕ್ಕಳು ಶೋಭಾಳನ್ನು ಹುಡುಕಿಕೊಂಡು ಬಂದರು. ಆತ್ಯಾ ಅವರಿಗೆಲ್ಲ ಕಿಟಕಿ ಸರಳಿನ ಪಾಠ ಶುರುಮಾಡಿದರು. ಒಳ್ಳೆಯದು ಯಾವುದು, ಮಂಕು ಯಾವುದು ಎಂದು ಬೆಳೆದವರಿಗೇ ತಿಳಿಯದಿದ್ದರೆ ಹೇಗೆ ಎನ್ನುವುದು ಅವರ ವಾದ.

ಹಾಗೇ ಒಂದು ಮುಂಜಾನೆ ಮಾಲೀಕರ ಕಾರು ಬಂದು ನಿಂತಿತು. ಆತ್ಯಾ ಕತ್ತೆತ್ತಿ ನೋಡಿ ಮತ್ತೆ ಪೋಣಿಸತೊಡಗಿದರು. ತಮ್ಮ ಒಳಗೆ ಬಂದು, ಗಿರಾಕಿಗಳು ಕೂರುವ ಕುರ್ಚಿಯ ಅಂಚಿನಲ್ಲಿ ಕೂತು, ಕಿಸೆಯಿಂದ ಪೊಟ್ಟಣ ತೆಗೆದರು.

"ಪುಣೆ ಗಿರಾಕಿ ಕೇಳಿದ ಮಾಲು ಇದು. ಉಪ್ಪೋ ಸಿಹಿಯೋ ಹೇಳಬೇಕಂತ. ಆತ್ಯಾ ನೋಡಿ ಹೌದು ಅಂದ್ರ ಮಾತ್ರ ತಗೋತೀವಿ ಅಂತಾರ," ಎಂದರು. ದನಿ ನೆಲದ ಕಡೆಗಿತ್ತು.

"ಕೈ ತೊಳಕೊಂಡು ಬಾ," ಎಂದರು ಆತ್ಯಾ.

ಸರಾಫ ಓಣಿಯ ಆ ದೊಡ್ಡ ಮನುಷ್ಯ ಎದ್ದು ಹೋಗಿ, ನಮ್ಮ ಹಿತ್ತಲ ನಲ್ಲಿಯಲ್ಲಿ ಮೊಣಕೈವರೆಗೂ ತೊಳೆದುಕೊಂಡು ಬಂದರು. ಅಕ್ಕ ಭೂತಗನ್ನಡಿಯನ್ನು ಅವರ ಕೈಗೇ ಕೊಟ್ಟು, "ನೀನ ನೋಡು. ಗೆರಿ ಕಾಣತೈತೇನು?" ಎಂದರು. ಇಬ್ಬರೂ ತಲೆಗೆ ತಲೆ ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ಮುಂದಿನ ವಾರದಿಂದ ಅವರ ಅಂಗಡಿಯ ಮುತ್ತೆಲ್ಲ ಮೊದಲು ಅಕ್ಕಲಕೋಟೆಗೆ ಬಂದು, ಆತ್ಯಾರ ಕಣ್ಣು ದಾಟಿ, ಆಮೇಲೆ ಸೊಲ್ಲಾಪುರದ ಕಪಾಟಿಗೆ ಹೋಗತೊಡಗಿತು. ಬರುವಾಗ ತಮ್ಮ ಅಕ್ಕನಿಗೆಂದು ಶೇಂಗಾ ಹೋಳಿಗೆಯ ಪೊಟ್ಟಣ ಹಿಡಿದು ಬರುತ್ತಿದ್ದರು. ಅರ್ಧ ನಮ್ಮ ಅತ್ತೆಗೆ.

ಕಳೆದ ಚಳಿಗಾಲದ ಒಂದು ದಿನದ ವಿಷಯ ಹೇಳಿ ಮುಗಿಸುತ್ತೇನೆ. ಆತ್ಯಾ ಆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಓಣಿಯ ಆ ತುದಿಯ ಬೋರ್ಡನ್ನು ಕನ್ನಡಕವಿಲ್ಲದೆ ಓದಿ ಎಲ್ಲರೆದುರು ಬೀಗುತ್ತಿದ್ದರು. ಬಿಸಿಲು ನಿಚ್ಚಳವಾಗಿತ್ತು. ಶೋಭಾ ಬಂದು ಅವರ ಅಂಗೈಯಲ್ಲಿ ಎರಡು ಮುತ್ತು ಇಟ್ಟಳು. ಎರಡಕ್ಕೂ ಇನ್ನೂ ತೂತು ಕೊರೆದಿರಲಿಲ್ಲ. "ಹೇಳ್ರಿ ಆತ್ಯಾ," ಎಂದಳು.

ಅವರು ಒಂದೊಂದನ್ನೇ ಕಿಟಕಿಗೆ ಹಿಡಿದರು. ಗಾಜಿನ ಮೇಲೆ ಉರುಳಿಸಿದರು. ಎರಡೂ ನೆಟ್ಟಗೆ ಓಡಿದವು. ಮೊಬೈಲಿನ ಬೆಳಕನ್ನು ಹಿಂದೆ ಇಟ್ಟು ನೋಡಿದರು. ಎರಡರೊಳಗೂ ಗುಂಡಿನ ನೆರಳು. ಮತ್ತೆ ಕಿಟಕಿಗೆ ಹಿಡಿದು ಸಾವಕಾಶ ತಿರುಗಿಸಿದರು. ನಾನೂ ಬಗ್ಗಿ ನೋಡಿದೆ. ಎರಡರಲ್ಲೂ ಸರಳುಗಳು ಗೀರಿದಂತೆ ಚೂಪಾಗಿ ಕಾಣುತ್ತಿದ್ದವು.

"ಎರಡೂ ಸಮುದ್ರದವು," ಎಂದರು ಆತ್ಯಾ.

ಶೋಭಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಏನವಾ?"

"ಒಂದು ನಮ್ಮ ಹೊಂಡದ್ದ್ರಿ."

ದುಂಡನೆಯ ಗುಂಡನ್ನೇ ಚಿಪ್ಪಿನ ಒಳಹೊಟ್ಟೆಯಲ್ಲಿ ಇಟ್ಟು, ಎರಡು ಮಳೆಗಾಲ ನೀರಿನಲ್ಲೇ ಬಿಟ್ಟಿದ್ದಳಂತೆ. ಹಾಗೆ ಇಟ್ಟವುಗಳಲ್ಲಿ ಸರಿಯಾಗಿ ಬಂದದ್ದು ಅದೊಂದೇ. ಆತ್ಯಾ ಅವಳ ಮುಖ ನೋಡಿದರು, ಅಂಗೈ ನೋಡಿಕೊಂಡರು. ಯಾವುದು ಎಂದು ಕೇಳಲೂ ಇಲ್ಲ. ನಿಧಾನವಾಗಿ ಅವರ ಭುಜಗಳು ಕುಲುಕತೊಡಗಿದವು. ಅಳುತ್ತಿದ್ದಾರೆಂದು ನಾನು ಗಾಬರಿಯಾದೆ. ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು, ಅತ್ತೆ ಒಳಗಿನಿಂದ ಓಡಿ ಬರುವಷ್ಟು ಜೋರಾಗಿ. "ನನ್ನ ಮಾವ ಇರಬೇಕಿತ್ತು. ಅವರಿಗೂ ಗೊತ್ತಾಗತಿರಲಿಲ್ಲ," ಎಂದು ಮತ್ತೆ ಮತ್ತೆ ಹೇಳಿದರು.

ನಗು ತುಸು ಇಳಿದ ಮೇಲೆ ನಾನು ಚೇಷ್ಟೆಗೆ ಕೇಳಿದೆ: "ನಿಮಗ ಗೊತ್ತಾಗಲಿಲ್ಲ ಅಂದಮ್ಯಾಲ ಇನ್ಯಾರಿಗೂ ಗೊತ್ತಾಗಂಗಿಲ್ಲ. ಇದನ್ನ ಯಾವ ತಟ್ಟಿಯಾಗ ಇಡೂನ್ರಿ ಆತ್ಯಾ?"

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಶೋಭಾಗ ಗೊತ್ತೈತಲ್ಲ," ಎಂದರು.

ಶೋಭಾ ತನ್ನ ಮುತ್ತನ್ನು ಅವರ ಅಂಗೈಯಿಂದ ಎತ್ತಿ ಸಿಹಿನೀರಿನ ತಟ್ಟೆಯಲ್ಲಿ ಇಟ್ಟಳು.

ಮರುದಿನ ಮುಂಜಾನೆ ಆತ್ಯಾ ಹಟ ಹಿಡಿದು ಹೊಂಡ ನೋಡಲು ಹೊರಟರು. ಆಯುಷ್ಯವಿಡೀ ಮುತ್ತು ಹಿಡಿದ ಅವರು ಜೀವಂತ ಚಿಪ್ಪನ್ನು ಕಂಡೇ ಇರಲಿಲ್ಲವಂತೆ! ಸೊಲ್ಲಾಪುರದಲ್ಲಿ ಬಸ್ ಬದಲಿಸಿ ಬೋರಾಮಣಿಯಲ್ಲಿ ಇಳಿದು, ಹುಲ್ಲುಗಾವಲಿನ ದಾರಿಯಲ್ಲಿ ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತ ನಡೆದರು. ಹೊಂಡದ ಬಳಿ ಶೋಭಾಳ ಮನೆಯವರೆಲ್ಲ ನಿಂತಿದ್ದರು. ಅವಳ ಅತ್ತೆ ಕುರ್ಚಿ ತಂದಿಟ್ಟಿದ್ದರು. ಆತ್ಯಾ ಕೂರಲಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ಶೋಭಾ ಹಗ್ಗ ಎಳೆದು, ಬಲೆಯಿಂದ ಒಂದು ಚಿಪ್ಪು ತೆಗೆದು ಅವರ ಕೈಗಿತ್ತಳು. ಕಪ್ಪಗೆ, ಕೆಸರು ಮೆತ್ತಿಕೊಂಡು, ಅಂಗೈಯಗಲ ಇತ್ತು. ಎಳೆಯಷ್ಟು ತೆರೆದಿದ್ದ ಅದರ ಬಾಯಿ ಬೆರಳು ತಾಕಿದ ಕೂಡಲೇ ಪಟ್ಟನೆ ಮುಚ್ಚಿಕೊಂಡು, ಅವರ ಮುಖಕ್ಕೆ ನೀರು ಚಿಮ್ಮಿತು.

"ಅಯ್ಯ, ಜೀವ ಐತಿ ಇದಕ್ಕ!" ಎಂದರು ಆತ್ಯಾ. ಮುಖ ಒರೆಸಿಕೊಳ್ಳುವುದನ್ನೂ ಮರೆತು ಅದನ್ನು ಕಿವಿಯ ಹತ್ತಿರ ಹಿಡಿದು ಕೇಳಿದರು. ಆಮೇಲೆ, ಇದು ಏನು ತಿನ್ನುತ್ತದೆ, ಬೇಸಿಗೆಯಲ್ಲಿ ನೀರು ಕಾದರೆ ಏನು ಮಾಡುತ್ತೀ, ಬೀಜ ಇಡುವಾಗ ಎಷ್ಟು ತೆರೆಯುತ್ತೀ ಎಂದು ಒಂದರ ಮೇಲೊಂದು ಕೇಳುತ್ತಲೇ ಹೋದರು. ಶೋಭಾ ನೀರಿನಲ್ಲಿ ಮೊಣಕಾಲುದ್ದ ನಿಂತು ಒಂದೊಂದಕ್ಕೂ ಉತ್ತರ ಹೇಳುತ್ತಿದ್ದಳು. ಅವಳ ಅತ್ತೆಯೂ ಈಗ ಹತ್ತಿರ ಬಂದು, ಸೊಸೆ ಹೇಳುವುದನ್ನು ಬಗ್ಗಿ ಕೇಳುತ್ತಿದ್ದರು.